ಎರಡನೇ ನೋಟಿಸು

ಕಂಪನಿಯಿಂದ ಮೇಲ್ ಬಂದಿದೆ. ಪ್ರಿಂಟು ತೆಗೆದು
ಪ್ಲಾಸ್ಟಿಕ್ ಕವರಿಗೆ ಹಾಕಿ, ಜರ್ಕಿನ್ ಒಳಗಿಟ್ಟು
ಸುಂಟಿಕೊಪ್ಪದಿಂದ ಬೈಕು ಬಿಟ್ಟೆ.
ಗ್ರಾಹಕರ ಸಂಖ್ಯೆ ಮುನ್ನೂರ ಹನ್ನೊಂದು:
ದೇಚಮ್ಮ, ಟೈಲರ್, ಬೇಕರಿ ಮೇಲಿನ ಮಹಡಿ, ಮಾದಾಪುರ.

'ತಮ್ಮ ಸಂಪರ್ಕದಿಂದ ರಾತ್ರಿ ಹನ್ನೊಂದು ನಲವತ್ತೆರಡಕ್ಕೆ
ಹಕ್ಕುಸ್ವಾಮ್ಯವುಳ್ಳ ಕೃತಿಯೊಂದು
ಅನಧಿಕೃತವಾಗಿ ಹಂಚಿಕೆಯಾಗಿರುತ್ತದೆ.'
ಓದಿ ಹೇಳಬೇಕು, ಸಹಿ ಹಾಕಿಸಬೇಕು.
ಮೂರನೆಯದು ಬಂದರೆ ವೈರು ಕೀಳಬೇಕು.
ಕೀಳುವವನೂ ನಾನೇ.

ನಾನು ಯಾರು ಅಂತ ಹೇಳಿಬಿಡುತ್ತೇನೆ.
ತೊಂಬತ್ತೆಂಟರಲ್ಲಿ ಕೇಬಲ್ ಮೊಣ್ಣಪ್ಪ.
ಒಂದು ವಿಸಿಪಿ, ಒಂದು ಡಿಶ್, ಸಿಲ್ವರ್ ಮರದಿಂದ ಮರಕ್ಕೆ ವೈರು,
ರಾತ್ರಿ ಒಂಬತ್ತಕ್ಕೆ ನನ್ನದೇ ಚಾನೆಲ್ಲು.
ಮೈಸೂರಿನ ಕೊನೆಯ ಬಸ್ಸಿನಲ್ಲಿ ಕ್ಯಾಸೆಟ್ಟು ಬರುತ್ತಿತ್ತು,
ಥಿಯೇಟರಿನಲ್ಲೇ ಕದ್ದು ಹಿಡಿದದ್ದು.
ನಾಯಕಿ ಅಳುವಾಗ ಯಾರೋ ಎದ್ದು ಹೊರಗೆ ಹೋಗುವ ನೆರಳು,
ವಿಲನ್ನು ಸಾಯುವಾಗ ಯಾರದೋ ಸೀನು.
ಆಗ ಯಾವ ಕಾಗದವೂ ಬರಲಿಲ್ಲ.
ಫೋನು ಬರುತ್ತಿತ್ತು:
'ಮೊಣ್ಣಪ್ಪ, ಸ್ವಲ್ಪ ಹಿಂದೆ ಹಾಕು, ಹಾಲು ಉಕ್ಕಿತು.'
ಹಾಕುತ್ತಿದ್ದೆ.
ಒಂದು ಮನೆಯ ಹಾಲು ಉಕ್ಕಿದ್ದಕ್ಕೆ
ಇಡೀ ಊರು ಅದೇ ಹೊಡೆದಾಟವನ್ನು ಎರಡು ಸಲ ನೋಡುತ್ತಿತ್ತು.

ದೇಚಮ್ಮಕ್ಕನ ಬಾಯಲ್ಲಿ ಗುಂಡುಸೂಜಿ,
ಮಡಿಲಲ್ಲಿ ಯಾವನೋ ಮದುಮಗನ ಬಿಳಿ ಕುಪ್ಯ.
ಸೂಜಿ ಒಂದೊಂದಾಗಿ ತೆಗೆದು ಕೇಳಿದರು,
'ಕದ್ದದ್ದು ಅಂತ ಬರೆದಿದ್ದಾರಾ?'
ಇಲ್ಲ, ಹಂಚಿದ್ದು ಅಂತ.
'ಯಾರಿಗೆ ಹಂಚಿದೆ? ಆ ಹೊತ್ತಿಗೆ ನಾನು ಮಲಗಿದ್ದೆ.'

ನನಗೆ ತಿಳಿದಷ್ಟು ತಿಳಿಸಿದೆ.
ಇದು ಹಂದಿ ಬೇಟೆಯ ಹಾಗೆ, ಅಕ್ಕ,
ಒಬ್ಬನೇ ಹೊತ್ತು ಮನೆಗೆ ಒಯ್ಯುವ ಹಾಗಿಲ್ಲ.
ಸಿನಿಮಾ ಸಾವಿರ ತುಂಡು.
ಕೈಗೆ ಬಂದ ತುಂಡನ್ನು ಕೇಳಿದವನಿಗೆ ಕೊಡುತ್ತ
ಉಳಿದದ್ದನ್ನು ಪಡೆಯಬೇಕು.
ಹೊಡೆದವನಿಗೆ ಪಾಲು, ಬಾಲ ಹಿಡಿದವನಿಗೆ ಪಾಲು,
ನಾಯಿಗೂ ಪಾಲು.
ನೀವು ಮಲಗಿದಿರಿ, ನಿಮ್ಮ ಲ್ಯಾಪ್‌ಟಾಪು ಬೆಳಗಿನ ತನಕ
ಪಾಲು ಹಾಕುತ್ತ ಕೂತಿತ್ತು,
ಕುವೈತಿನಲ್ಲಿ ಯಾರಿಗೋ, ಪೋಲೆಂಡಿನಲ್ಲಿ ಯಾರಿಗೋ.
'ಪೋಲೆಂಡಿನವರಿಗೆ ಇದು ಯಾಕಂತೆ?'
ನನಗೂ ಗೊತ್ತಿಲ್ಲ.

ಆಮೇಲೆ ಹೇಳಿದರು.
ಎಂಬತ್ತೊಂದರಲ್ಲಿ ಹಟ್ಟಿಹೊಳೆ ಹತ್ತಿರ ಶೂಟಿಂಗು,
ಹದಿಮೂರು ವರ್ಷ, ಶಾಲೆ ತಪ್ಪಿಸಿ ಹೋಗಿದ್ದರು.
'ಕೊಡೆ ಹಿಡಿದು ಸೇತುವೆ ದಾಟು' ಅಂದರಂತೆ, ದಾಟಿದರಂತೆ.
ಒಂದು ಬನ್ನು, ಎರಡು ಬಾಳೆಹಣ್ಣು.
ಟಾಕೀಸಿಗೆ ಬಂದಾಗ ಅಪ್ಪ ಬಿಡಲಿಲ್ಲ.
ಕಂಪನಿಗೆ ಎರಡು ಪತ್ರ ಬರೆದರು, ದುಡ್ಡು ಕೊಡುತ್ತೇನೆ ಅಂತ.
ಅವರು ಮಾರುವುದಿಲ್ಲ. ಇಟ್ಟುಕೊಂಡಿದ್ದಾರೆ, ಅಷ್ಟೇ.

ಕತ್ತರಿ, ಟೇಪು ಬದಿಗೆ ಸರಿಸಿ ತೋರಿಸಿದರು.
ಒಂದು ಗಂಟೆ ಹದಿನೇಳು ನಿಮಿಷಕ್ಕೆ
ಹೀರೋ ಜೀಪು ಹತ್ತುತ್ತಾನೆ.
ಅವನ ಭುಜದ ಹಿಂದೆ ಸೇತುವೆ,
ಸೇತುವೆ ಮೇಲೆ ನೀಲಿ ಲಂಗ, ಕಪ್ಪು ಕೊಡೆ.
ಕೊಡೆ ಒಮ್ಮೆ ವಾಲುತ್ತದೆ, ಒಂದು ಮುಖ
ನೇರ ಕ್ಯಾಮೆರಾ ನೋಡುತ್ತದೆ (ನೋಡಬಾರದು ಅಂದಿದ್ದರಂತೆ).
ನಾಲ್ಕು ಸೆಕೆಂಡು.
ಜೀಪು ಹೋಗುತ್ತದೆ.

'ಇದು ಯಾರದು, ಮೊಣ್ಣಪ್ಪ?'
ಉತ್ತರ ಕಾಗದದಲ್ಲೇ ಇತ್ತು, ಮುಂಬಯಿ ವಿಳಾಸದ ಸಮೇತ.
ಓದಲಿಲ್ಲ.
'ಸ್ವಲ್ಪ ಹಿಂದೆ ಹಾಕಿ' ಅಂದೆ.

ಸಹಿ ಹಾಕುವಾಗ ಕನ್ನಡಕ ಏರಿಸಿ
ಮೂರು ಸಲ ಓದಿದರು.
'ಇನ್ನು ಹಂಚುವುದಿಲ್ಲ ಅಂತ ಇದೆ.
ಇಟ್ಟುಕೊಳ್ಳುವುದಿಲ್ಲ ಅಂತ ಇಲ್ಲವಲ್ಲ?'
ಇಲ್ಲ.
'ಹಾಗಾದರೆ ಸರಿ. ಮತ್ತೆ ನೋಡು,
ಆನೆ ಆ ಕಂಬ ತಳ್ಳಿದ ದಿನದಿಂದ ನೆಟ್ಟು ಸ್ಲೋ,
ಅದನ್ನೂ ಬರೆದುಕೋ.'

ನೋಟಿಸಿನ ಬೆನ್ನಿಗೆ ಬರೆದುಕೊಂಡೆ.