ನೂರು ಗ್ರೇನ್

ಅಲ್ ಐನ್. ಹೊರಗೆ ನಲವತ್ತಾರು ಡಿಗ್ರಿ.
ಗಾಜಿನ ಮೇಲೆ ಮೂರು ತೋಟಾ ನಿಲ್ಲಿಸಿದ್ದೇನೆ.
"ಅಮೆರಿಕದ ಬಯಲು," ಅನ್ನುತ್ತಾರೆ ಮತರ್ ಸಾಹೇಬರು,
"ಕವಲುಕೊಂಬಿನ ಹುಲ್ಲೆ. ಕಣ್ಣು ಬಲು ಚುರುಕು,
ಮುನ್ನೂರು ಗಜದೊಳಗೆ ಬಿಟ್ಟುಕೊಳ್ಳದು."

ಹಗುರದ್ದು ಬೇಗ ಹೋಗುತ್ತದೆ,
ಆದರೆ ಗಾಳಿಯ ಮಾತು ಕೇಳುತ್ತದೆ.
ಭಾರದ್ದು ಅಷ್ಟಾಗಿ ಕೇಳದು; ಭುಜಕ್ಕೆ ಗುದ್ದುತ್ತದೆ.
ಪಟ್ಟಿಯೆಲ್ಲ ಬಾಯಿಪಾಠ.
ನಾನು ಒಂದೂ ಹೊಡೆದವನಲ್ಲ.

ಗುಂಡಿನ ತೂಕ ನೂರು ಗ್ರೇನ್.
ಅಂಕೋಲೆಯಲ್ಲಿ ಅಪ್ಪನ ತಕ್ಕಡಿಗೆ
ಐವತ್ತು ಚಿಲ್ಲರೆ ಗುಲಗಂಜಿ:
ಒಂದು ಜೊತೆ ಓಲೆ, ಮೇಲೊಂದು ಮೂಗುತಿ.
ತೂಗುವಾಗ ಫ್ಯಾನು ನಿಲ್ಲಿಸುತ್ತಿದ್ದ,
ಉಸಿರನ್ನೂ.

"ನೀನಾದರೆ ಯಾವುದು, ಶೇಟ್?"

ಏಸಿ ಗಾಳಿಗೆ ಬಿಲ್ಲು ಪಟಪಟಿಸುತ್ತಿತ್ತು.
ನಡುವಿನದನ್ನು ಎತ್ತಿ
ಅದರ ಮೇಲಿಟ್ಟೆ.
ಸುಮ್ಮನಾಯಿತು.