ಖಾನೇಷುಮಾರಿ

ಮೂವತ್ತೊಂದು ವರ್ಷ ಈ ಊರಲ್ಲಿ
ಹಳದಿ ಬಸ್ಸು ಓಡಿಸಿದವಳು ನಾನು.
ಮನೆಗಳು ನನಗೆ ನಂಬರಿನಿಂದ ತಿಳಿಯುವುದಿಲ್ಲ,
ತಡವಾಗಿ ಓಡಿಬರುತ್ತಿದ್ದ ಮಕ್ಕಳಿಂದ ತಿಳಿಯುತ್ತವೆ.
ಈಗ ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಸರಕಾರದ ಫೋನು,
ಗಂಟೆಗೆ ಹದಿನೇಳು ಡಾಲರಿಗೆ
ವೆಲ್ಡನ್ ಫೋರ್ಕಿನ ತಲೆ ಎಣಿಸುತ್ತೇನೆ.

ಪ್ರಶ್ನೆಯೇನೋ ಸುಲಭ:
ಏಪ್ರಿಲ್ ಒಂದರಂದು ಈ ಮನೆಯಲ್ಲಿ ಎಷ್ಟು ಜನ ಇದ್ದಿರಿ?

ಗೆರ್ಹಾರ್ಟ್ ಟೀಡೆಮನ್, ಎಂಬತ್ತಾರು.
"ಇಬ್ಬರು" ಅಂದ.
ಲೂವೆಲ್ಲಾಳನ್ನು ಮಣ್ಣಿಗಿಟ್ಟದ್ದು ಮಾರ್ಚ್ ಇಪ್ಪತ್ತೊಂಬತ್ತಕ್ಕೆ,
ಹಿಮ ಇನ್ನೂ ಕರಗಿರಲಿಲ್ಲ,
ಚರ್ಚಿನ ನೆಲಮಾಳಿಗೆಗೆ ಹ್ಯಾಮ್ ಹೊತ್ತು ಒಯ್ದವಳು ನಾನೇ.
ಅವನ ಹಿಂದೆ ಗೂಟದಲ್ಲಿ ಅವಳ ಕೋಟು.
ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತಿತು.

ಹಗಲು ಹೋದರೆ ಅರ್ಧ ಊರು ಮಲಗಿರುತ್ತದೆ,
ಇರುಳು ಹೋದರೆ ಇನ್ನರ್ಧ ಹಂದಿ ಕಡಿಯುತ್ತಿರುತ್ತದೆ.
ಟ್ರೇಲರ್ ಪಾರ್ಕಿನ ಹದಿನಾಲ್ಕನೆಯ ಬಾಗಿಲಲ್ಲಿ
ಹೆಲ್ಮೀನಾ ಲಾಂಗ್ರಿನ್ ಮರುಪ್ರಶ್ನೆ ಹಾಕಿದಳು:
"ಉಣ್ಣುವವರೋ, ಮಲಗುವವರೋ?"
ಮಲಗುವವರು ಹನ್ನೊಂದು. ಉಣ್ಣುವವರು ಭಾನುವಾರದ ಮೇಲೆ ನಿಂತಿದೆ.
ಒಂದೇ ಹಾಸಿಗೆ, ಎರಡು ಪಾಳಿ,
ಬಿಸಿ ಆರುವುದೇ ಇಲ್ಲ ಅಂತ ನಕ್ಕಳು.
ಅವಳ ದ್ವೀಪದ ಹೆಸರು ಪಟ್ಟಿಯಲ್ಲಿಲ್ಲ.
ಅಕ್ಷರ ಅಕ್ಷರ ಹೇಳಿದಳು, ಒತ್ತಿದೆ,
ಫೋನು ಕೆಂಪು ಗೆರೆ ಎಳೆದು ತಪ್ಪೆಂದಿತು.
ತಪ್ಪು ಇರಲಿ ಎಂದೆ, ಬಿಟ್ಟೆವು.

ಮನೆಗೆ ಸರಾಸರಿ ಎರಡೂವರೆ ಜನವಂತೆ.
ಆ ಮನೆ ಮಾತ್ರ ಸಿಗಲಿಲ್ಲ, ಎಲ್ಲ ಬೀದಿ ಸುತ್ತಿದೆ.

ತಲಾ ಆದಾಯ ಇಪ್ಪತ್ತೆರಡು ಸಾವಿರದ ಚಿಲ್ಲರೆ.
ತಲೆ ಅಂದರೆ ಇಸಿದ್ರೊ ತಮ್‌ನನ್ನು ಕೇಳಬೇಕು.
ಕಾರ್ಖಾನೆಯಲ್ಲಿ ತಲೆಗೇ ಒಂದು ಬೇರೆ ಸಾಲಿದೆ,
ಅವನು ಅಲ್ಲಿ ಚಾಕು ಹಿಡಿದು ನಿಂತು ಆರು ವರ್ಷ.
ದಿನಕ್ಕೆ ಅವನ ಮುಂದೆ ಹಾಯುವ ತಲೆಗಳು
ಇಡೀ ಊರಿನದಕ್ಕಿಂತ ಹೆಚ್ಚು.
ಸಂಜೆ ಅವನ ಬೆರಳು ಮಡಿಚುವುದಿಲ್ಲ,
ಮಗಳೇ ಷರ್ಟಿನ ಗುಂಡಿ ಬಿಚ್ಚುತ್ತಾಳೆ.
ಅದಕ್ಕೆ ಖಾನೆಯಿಲ್ಲ.
"ಮಿಸ್ ಓರ್ಫಾ, ನಿಮ್ಮ ಬಸ್ಸು ಯಾಕೆ ಬರಲ್ಲ?" ಅಂತ ಕೇಳಿದಳು.

ನಾನೂರ ಹನ್ನೆರಡು ಮನೆ ಖಾಲಿ.
ಖಾಲಿ ಎಂದು ಒತ್ತುವುದಕ್ಕೆ ಎರಡು ಸೆಕೆಂಡು ಸಾಕು,
ಆದರೂ ವಿಕಮ್ ಹುಡುಗರ ತಿರುವಿನಲ್ಲಿ
ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ,
ಕಿಟಕಿಗೆ ಹೊಡೆದ ಹಲಗೆಗಳತ್ತ
ಕೈ ಹಾರನ್ನು ಹುಡುಕುತ್ತದೆ.

ಮರುವರ್ಷ ಹೆದ್ದಾರಿಯಲ್ಲಿ ಹೊಸ ಫಲಕ ನೆಟ್ಟರು.
ಹಸಿರಿನ ಮೇಲೆ ಬಿಳಿ: ಏಳು ಸಾವಿರದ ಒಂಬೈನೂರ ಅರವತ್ತೆರಡು.
ಬ್ಯಾಂಕಿನವರು ಇಳಿಯಿತು ಅಂದರು,
ಪಾದ್ರಿ ಇಷ್ಟಾದರೂ ಉಳಿಯಿತು ಅಂದ.
ಗೆರ್ಹಾರ್ಟ್ ತನ್ನ ಹಳೆಯ ಟ್ರಕ್ಕನ್ನು ಅಂಚಿಗೆ ನಿಲ್ಲಿಸಿ
ಓದಿದ. ನಾನು ಹಿಂದಿನ ಕಾರಿನಲ್ಲಿದ್ದೆ.
ಒಂದು ಹೆಚ್ಚಿದೆ ಅದರಲ್ಲಿ.
ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ
ಎರಡು ಬೆರಳನ್ನು ಟೋಪಿಗೆ ಮುಟ್ಟಿಸಿ
ಇಂಡಿಕೇಟರ್ ಹಾಕಿ
ರಸ್ತೆಗಿಳಿದ.