ನಿಗದಿತ ಶುಲ್ಕ

ತಿಂಗಳ ಮೊದಲ ವಾರ ನನ್ನ ಮುಖ ಯಾರಿಗೂ ಬೇಡ.
ಅರಸೀಕೆರೆಯ ಹಿಂಬದಿ ಗಲ್ಲಿಗಳಲ್ಲಿ
ನಾಯಿಗಳು ಮಾತ್ರ ಗುರುತು ಹಿಡಿದು ಮಾತಾಡಿಸುತ್ತವೆ.
ಕೊರಳಲ್ಲಿ ಯಂತ್ರ, ಜೇಬಲ್ಲಿ ಕಾಗದದ ಸುರುಳಿ,
ಮೀಟರೊಂದಕ್ಕೆ ಇಷ್ಟು ಎಂದು ಕೂಲಿ.
"ಕೆಇಬಿಯವನು ಬಂದ" ಅನ್ನುತ್ತಾರೆ ಒಳಗಿಂದ.
ಕೆಇಬಿ ಹೋಗಿ ಎಷ್ಟೋ ವರ್ಷವಾಯಿತು.
ಅದೀಗ ನಿಗಮ. ನನ್ನನ್ನು ಕಳಿಸಿದವನು ಗುತ್ತಿಗೆದಾರ,
ಅವನಿಗೆ ಕೊಟ್ಟವನು ಇನ್ನೊಬ್ಬ,
ಆ ಇನ್ನೊಬ್ಬನ ಊರು ನನಗೂ ಗೊತ್ತಿಲ್ಲ.
ಇಷ್ಟೆಲ್ಲ ಹೊಸ್ತಿಲಲ್ಲಿ ನಿಂತು ಹೇಳಲಾದೀತೇ?
"ಹೂಂ, ಕೆಇಬಿ" ಅನ್ನುತ್ತೇನೆ.

ಮುನೀರಾ ಹೊಲಿಗೆ ಮಷೀನಿನ ಮೋಟರು ಬಿಚ್ಚಿ
ಹಳೇ ಸೀರೆ ಸುತ್ತಿ ಅಟ್ಟಕ್ಕೇರಿಸಿದ್ದಾಳೆ.
"ಕಾಲಿಗೆ ಯೂನಿಟ್ಟಿಲ್ಲವಲ್ಲಣ್ಣ" ಎಂದು ತುಳಿಯುತ್ತಾಳೆ.
"ಮಂಡಿಗಿದೆ" ಅಂದೆ.
ನಗಲಿಲ್ಲ.

ಕಾಂತಯ್ಯನವರ ವಠಾರದಲ್ಲಿ ಮನೆ ಆರು, ಮೀಟರು ಒಂದು.
ಸೊನ್ನೆಯ ಬಿಲ್ಲು ಊರಿಗೆಲ್ಲ ಬಂದ ತಿಂಗಳು
ಇವರ ಬಾಗಿಲು ದಾಟಿ ಮುಂದೆ ಹೋಯಿತು.
ಆರು ಮಿಕ್ಸಿ, ಆರು ಫ್ಯಾನು ಕೂಡಿದರೆ ಇನ್ನೂರು ಎಲ್ಲಿ ನಿಲ್ಲುತ್ತದೆ?
ಮಾಲೀಕರು ಮೆಟ್ಟಿಲ ಕೆಳಗೆ ಮರಿಮೀಟರು ಕೂರಿಸಿ
ಯೂನಿಟ್ಟಿಗೆ ತಮ್ಮದೇ ದರ ಕಟ್ಟಿದ್ದಾರೆ.
ಜಗಲಿಯಷ್ಟಗಲದ ಒಂದು ಖಾಸಗಿ ಕಂಪನಿ
ಲುಂಗಿಯುಟ್ಟು ಹಲ್ಲುಜ್ಜುತ್ತ ನಿಂತಿರುತ್ತದೆ.

ಚಿಕ್ಕತಾಯಮ್ಮನ ಬಿಲ್ಲು ಇನ್ನೂ
ತೀರಿಹೋದ ಗಂಡನ ಹೆಸರಿಗೇ.
ಸೊನ್ನೆಯ ಅರ್ಜಿಗೆ ಅವರೇ ಬರಬೇಕಿತ್ತಂತೆ.
"ತಿಂಗಳಿಡೀ ಬಾಣಾವರದಲ್ಲಿದ್ದೆ, ಮಗಳ ಬಾಣಂತನ.
ದೀಪ ಹಚ್ಚಿಲ್ಲ, ಫ್ಯಾನು ತಿರುಗಿಲ್ಲ.
ಇದು ಯಾವುದರ ದುಡ್ಡು?"
"ನಿಗದಿತ ಶುಲ್ಕ."
"ಅಂದ್ರೆ?"
"ತಂತಿ ನಿಮ್ಮ ಮನೆತನಕ ಬಂದಿದೆಯಲ್ಲ, ಅದಕ್ಕೆ."

ಅವಳು ಕಂಬದ ಕಡೆ ನೋಡಿದಳು.
"ಅದನ್ನ ಹೊತ್ತವರು ನಮ್ಮಾವ ಕಣಪ್ಪ.
ಗೂಡ್ಸ್ ಗಾಡಿಯಿಂದ ಇಳಿಸಿ, ಹೆಗಲಿಗೆ ಗೋಣಿ ಹಾಕಿ, ಹನ್ನೆರಡು ಜನ.
ಗುಂಡಿ ತೋಡಿದ್ದು ಓಣಿಯೋರೆ. ಕೂಲಿ ಕೇಳಲಿಲ್ಲ.
ಮೊದಲ ಬಲ್ಬು ಹತ್ತಿದಾಗ ನಮ್ಮತ್ತೆ
ಚಪ್ಪಲಿ ಬಿಟ್ಟು ನಿಂತಿದ್ರಂತೆ.
ಈಗ ನನಗೇ ಬಾಡಿಗೆಯೇನು?"
ಯಂತ್ರದಲ್ಲಿ ಇದಕ್ಕೆ ಗುಂಡಿಯಿಲ್ಲ.

ಟೀ ಅಂಗಡಿಯಲ್ಲಿ ಬೋರಲಿಂಗಣ್ಣ, ನಿವೃತ್ತ ಲೈನ್‌ಮನ್,
ಎಡಗೈಯಲ್ಲಿ ಎರಡು ಬೆರಳು ಕಡಿಮೆ.
"ಆಗೇನು ಸ್ವರ್ಗ ಇತ್ತಾ? ಟಿಸಿ ಸುಟ್ಟರೆ ಹದಿನೈದು ದಿನ ಕತ್ತಲೆ.
ಕೋಳಿ ಕೊಟ್ಟವನ ಓಣಿಗೆ ಮೊದಲು ಬೆಳಕು.
ನಾನೂ ತಿಂದಿದ್ದೀನಿ ಕೋಳಿ."
ಲೋಟ ತಿರುಗಿಸಿದ.
"ಆದ್ರೆ ಬೈಯೋಕೆ ಒಂದು ಬಾಗಿಲಿತ್ತು.
ಸೆಕ್ಷನ್ ಆಫೀಸಿನ ಮುಂದೆ ನಿಂತು ನಿನ್ನವ್ವನ್ ಅಂದ್ರೆ
ಒಳಗೊಬ್ಬ ಕೇಳಿಸ್ಕೊಳ್ತಿದ್ದ.
ಈಗ? ಕನ್ನಡಕ್ಕಾಗಿ ಒಂದನ್ನು ಒತ್ತಿ."

ಊರಾಚೆ ಗುಡ್ಡದ ಮೇಲೆ ಬಿಳಿ ರೆಕ್ಕೆಗಳು ತಿರುಗುತ್ತವೆ.
ಗಾಳಿ ನಮ್ಮ ಓಣಿಯಿಂದಲೇ ಹೋಗುವುದು,
ಮುನೀರಾಳ ಬಟ್ಟೆ ಒಣಗಿಸಿ,
ಕಣದಲ್ಲಿ ರಾಗಿ ತೂರಿಸಿ,
ಗುಡ್ಡ ಹತ್ತಿದ ಮೇಲೆ
ಯಾರದೋ ಆಗುತ್ತದೆ.

ನಮ್ಮ ಮನೆಯದನ್ನು ಕಡೆಗೆ ಓದುತ್ತೇನೆ.
ಹೋದಾಗ ಕರೆಂಟಿರಲಿಲ್ಲ. ಊರಿಗೆ ಊರೇ ಕಪ್ಪು;
ರೆಕ್ಕೆಗಳ ನೆತ್ತಿಯಲ್ಲಿ ಮಾತ್ರ ಕೆಂಪು ದೀಪ,
ಹತ್ತಿ, ಆರಿ, ಹತ್ತಿ.
ಮಗಳು ಮೆಟ್ಟಿಲಲ್ಲಿ ಕೂತು ಎಣಿಸುತ್ತಿದ್ದಳು,
"ಅದರ ಬಿಲ್ಲು ಯಾರು ಹರೀತಾರಪ್ಪ?"

ತಾನೇ ಓದಿಕೊಳ್ಳುವ ಮೀಟರು ಬರುತ್ತದಂತೆ,
ಮೊದಲು ದುಡ್ಡು, ಆಮೇಲೆ ಬೆಳಕು.
ಹೊಸ್ತಿಲಲ್ಲಿ ಬೈಸಿಕೊಳ್ಳಲು ನಾನೂ ಇರುವುದಿಲ್ಲ.
ಹೆಂಡತಿಗೆ ಇನ್ನೂ ಹೇಳಿಲ್ಲ.

ಮೊಬೈಲಿನ ಬೆಳಕು ಹಿಡಿದು ಅಂಕಿ ಒತ್ತಿದೆ.
ಹೋದ ತಿಂಗಳಿಗಿಂತ ನೂರಾ ಹನ್ನೆರಡು ಹೆಚ್ಚು.
ಕಡೆಯ ಅಂಕಿ ಸರಿಯಾಗಿ ಮೂಡಲಿಲ್ಲ,
ಪೆನ್ನಿನಲ್ಲಿ ತಿದ್ದಿ ಅವಳ ಕೈಗಿಟ್ಟೆ.
ಅವಳು ಮಗುಚಿದಳು. ಹಿಂಬದಿ ಖಾಲಿ.
ಗೋಡೆಗೆ ಒತ್ತಿಟ್ಟು ಅಲ್ಲೇ ನಾಳೆಯ ಸಾಮಾನು ಬರೆದಳು:
ಬೆಲ್ಲ ಅರ್ಧ ಕೇಜಿ,
ಉಪ್ಪು,
ಮೇಣದಬತ್ತಿ ನಾಲ್ಕು, ಸಣ್ಣವು.